ಮಸಿಗುಡ್ಡದ ಹಸಿ ತೂಕ

೩ ಜೂನ್ ೧೯೫೭, ಯಲಹಂಕ

ಹವೆ: ಮೋಡ. ನಡೆದ ದೂರ: ಮನೆಯಿಂದ ಸ್ಟೇಷನ್ನು, ಸ್ಟೇಷನ್ನಿನಿಂದ ಕಚೇರಿ. ಸಂಗ್ರಹಿಸಿದ ಮಾದರಿ: ಇಲ್ಲ.

ಕ್ಯಾಂಪಿನಲ್ಲಿರುವವರು ದಿನಚರಿ ಬರೆಯಬೇಕೆನ್ನುವುದು ನಮ್ಮ ಇಲಾಖೆಯ ಕಟ್ಟಳೆ. ಹವೆ, ನಡೆದ ದೂರ, ಹೆಕ್ಕಿದ ಕಲ್ಲು, ಇಷ್ಟನ್ನು ಬರೆದು ತಿಂಗಳ ಕೊನೆಗೆ ಮೇಲಿನವರಿಗೆ ಕಳಿಸಬೇಕು. ಕಚೇರಿಯಲ್ಲಿ ಕೂರುವವರಿಗೆ ಈ ಕಟ್ಟಳೆ ಇಲ್ಲ. ಆದರೆ ಏಳು ವರ್ಷ ಬರೆದ ಕೈ ಸುಮ್ಮನಿರುವುದಿಲ್ಲವಲ್ಲ. ಪೆಟ್ಟಿಗೆಯಲ್ಲಿ ಉಳಿದಿದ್ದ ಖಾಲಿ ಡೈರಿಯೊಂದನ್ನು ತೆಗೆದಿದ್ದೇನೆ. ಇದನ್ನು ಯಾರಿಗೂ ಕಳಿಸಬೇಕಾಗಿಲ್ಲ. ಮನಸ್ಸಿಗೆ ಬಂದವರನ್ನು ಬೈಯಬಹುದು.

ಫೆಬ್ರವರಿಯಲ್ಲಿ ಮಸಿಗುಡ್ಡದ ಗುಂಡಿಯೊಂದಕ್ಕೆ ಬಿದ್ದು ಮೊಣಕಾಲು ಮುರಿದುಕೊಂಡೆ. ಮಳೆಗಾಲ ಮುಗಿಯುವವರೆಗೆ ಗುಡ್ಡ ಹತ್ತಕೂಡದು ಎಂದು ಡಾಕ್ಟರು ಬರೆದುಕೊಟ್ಟರು. ಭೂವಿಜ್ಞಾನಿಗೆ ಗುಡ್ಡ ಹತ್ತಬೇಡ ಎನ್ನುವುದೂ ಅಡುಗೆಯವನಿಗೆ ಒಲೆ ಹಚ್ಚಬೇಡ ಎನ್ನುವುದೂ ಒಂದೇ. ಇಲಾಖೆಯವರು ನನ್ನನ್ನು ಏನು ಮಾಡುವುದೆಂದು ತಿಳಿಯದೆ, ಹೊಸದಾಗಿ ತೆರೆದ ಖನಿಜ ಅರ್ಥಶಾಸ್ತ್ರ ವಿಭಾಗಕ್ಕೆ ತಳ್ಳಿದರು. ಇವತ್ತು ಹಾಜರಾದೆ.

ಮುಖ್ಯ ಕಚೇರಿಯಲ್ಲಿ ಈ ವಿಭಾಗಕ್ಕೆ ಜಾಗವಿಲ್ಲವಂತೆ. ಯಶವಂತಪುರದ ಗೂಡ್ಸ್ ಶೆಡ್ಡಿನ ಹಿಂದೆ ಒಂದು ಹಂಚಿನ ಮನೆಯನ್ನು ಬಾಡಿಗೆಗೆ ಹಿಡಿದಿದ್ದಾರೆ. ಮೂರು ಮೇಜು, ಒಂದು ಬೀರು, ರೈಲ್ವೆಯ ಸರಕು ದರದ ದಪ್ಪ ಪುಸ್ತಕ. ಇಡೀ ಮನೆಯಲ್ಲಿ ಕಲ್ಲು ಅಂತ ಇರುವುದು ಬಾಗಿಲು ಬಡಿದುಕೊಳ್ಳದಿರಲಿ ಎಂದು ಒತ್ತಿಟ್ಟಿರುವ ಒಂದು ಜಲ್ಲಿ ಮಾತ್ರ. ನನ್ನ ಜೊತೆ ಓದಿದ ನರಸಿಂಹಯ್ಯ ಮುಖ್ಯ ಕಚೇರಿಯಲ್ಲಿದ್ದಾನೆ. ಇದಕ್ಕೆ 'ಕಿರಾಣಿ ಅಂಗಡಿ' ಎಂದು ಆಗಲೇ ಹೆಸರಿಟ್ಟಿದ್ದಾನೆ. ಸರಿಯಾಗಿಯೇ ಇಟ್ಟಿದ್ದಾನೆ.

ವಿಭಾಗದ ಮುಖ್ಯಸ್ಥರು ಅತಾವುಲ್ಲಾ ಸಾಹೇಬರು. ಅರ್ಥಶಾಸ್ತ್ರ ಓದಿದವರು. ಜೀವನದಲ್ಲಿ ಒಂದು ಗಣಿಯೊಳಕ್ಕೂ ಇಳಿದವರಲ್ಲ. ನನ್ನ ಬೂಟುಗಳನ್ನು ನೋಡಿ, "ಇಲ್ಲಿ ಚಪ್ಪಲಿ ಸಾಕು ಆನಂದಪ್ಪನೋರೆ, ಹಾವು ಚೇಳು ಏನಿಲ್ಲ" ಎಂದು ನಕ್ಕರು. ನಾನು ನಗಲಿಲ್ಲ.

೫ ಜೂನ್

ಹವೆ: ಸೆಕೆ. ನಡೆದ ದೂರ: ಅದೇ. ಮಾದರಿ: ಇಲ್ಲ.

ಯಲಹಂಕದ ಈ ಮನೆಯಲ್ಲಿ ನಾನು ನೆಂಟ. ಹಬ್ಬಕ್ಕೆ ಬಂದು ಹಬ್ಬ ಮುಗಿಸಿಕೊಂಡು ಹೊರಡುತ್ತಿದ್ದವನು. ಬೇರೆಯವರೆಲ್ಲ ಮಳೆಗಾಲಕ್ಕೆ ಕ್ಯಾಂಪು ಮುಚ್ಚಿ ಊರಿಗೆ ಬಂದರೂ ನಾನು ಗುಂಡಿಗಳಿಗೆ ನೀರು ನುಗ್ಗುತ್ತದೆ, ಕಾಯಬೇಕು ಎಂದು ಅಲ್ಲೇ ಉಳಿಯುತ್ತಿದ್ದೆ. ಈಗ ದಿನವೂ ಸಂಜೆ ಬಂದು ಪಡಸಾಲೆಯಲ್ಲಿ ಕೂರುವ ಗಂಡಸಿನ ಜೊತೆ ಏನು ಮಾಡಬೇಕೆಂದು ಇಲ್ಲಿ ಯಾರಿಗೂ ತಿಳಿದಿಲ್ಲ. ನನಗೂ ತಿಳಿದಿಲ್ಲ.

ಮನೆಯಾಕೆ ನನ್ನೊಡನೆ ನೇರವಾಗಿ ಮಾತಾಡುವುದಿಲ್ಲ. ನಾನು ಎದುರಿಗೇ ಕೂತಿದ್ದರೂ ಅಮ್ಮನ ಕಡೆ ತಿರುಗಿ, "ಅತ್ತೆ, ಅವ್ರಿಗೆ ನೀರು ಕಾದೈತೆ ಅನ್ನಿ" ಎನ್ನುತ್ತಾಳೆ. ನಾನೂ ಅಮ್ಮನಿಗೇ "ಆಮೇಲೆ ಸ್ನಾನ ಮಾಡ್ತೀನಿ ಅನ್ನಮ್ಮ" ಎಂದೆ.

ಅಮ್ಮನಿಗೆ ಇವತ್ತು ರೇಗಿಹೋಯಿತು. "ಅದೇನು, ನಾನೇನು ಟಪಾಲಿನವ್ಳಾ? ಅವ್ನು ಅಲ್ಲೇ ಕುಂತವ್ನೆ, ಅವ್ನಿಗೆ ನೀನೇ ಏಳು. ಏಳು ವರ್ಸ ಆತು ಮದ್ವೆಯಾಗಿ, ಇವ್ನು ನೋಡುದ್ರೆ ಗುಡ್ಡಾನೇ ಕಟ್ಕೊಂಡವ್ನೆ, ಇವ್ಳು ನೋಡುದ್ರೆ ಒಲೆ ಕಟ್ಕೊಂಡವ್ಳೆ."

ಅಮ್ಮ ಹಿತ್ತಲಿಗೆ ಎದ್ದು ಹೋದರು. ನಾವಿಬ್ಬರೂ ನೆಲ ನೋಡುತ್ತಾ ಕೂತೆವು. ನೀರು ಆರಿಹೋಯಿತು.

೧೯ ಜೂನ್

ಹವೆ: ಜಿಟಿಜಿಟಿ ಮಳೆ. ಮಾದರಿ: ಇಲ್ಲ.

ಅತಾವುಲ್ಲಾ ಸಾಹೇಬರ ಜೊತೆ ಜಗಳವಾಯಿತು. ಜಗಳವಾಡಿದ್ದು ನಾನೊಬ್ಬನೇ. ಅವರು ಟೀ ತರಿಸಿದರು.

"ನಿಮ್ಮ ಮಸಿಗುಡ್ಡದಲ್ಲಿ ಅದಿರು ಎಷ್ಟಿದೆ?" ಎಂದು ಕೇಳಿದರು. ನಾನು ಎದೆಯುಬ್ಬಿಸಿ ಹೇಳಿದೆ. ಉದ್ದ ಅಳೆದವನು ನಾನು, ಅಗಲ ಅಳೆದವನು ನಾನು, ಆಳಕ್ಕೆ ಗುಂಡಿ ತೋಡಿಸಿ ಅದರೊಳಗೆ ಬಿದ್ದವನೂ ನಾನೇ. ತುಮಕೂರು ಕಡೆ ಅಷ್ಟು ಮ್ಯಾಂಗನೀಸ್ ಇನ್ನೊಂದು ಗುಡ್ಡದಲ್ಲಿಲ್ಲ.

"ಅದು ಕಲ್ಲಿನ ಲೆಕ್ಕ. ನಾನು ಕೇಳಿದ್ದು ಅದಿರು" ಎಂದರು ಸಾಹೇಬರು.

"ಸಾರ್, ಅದೇ ಅದಿರು."

"ನೋಡಿ ಭಾಯಿ. ಅಗೆಯೋರಿಗೆ ಕೂಲಿ ಕೊಡ್ಬೇಕು, ಗಾಡಿಯವನಿಗೆ ಕೊಡ್ಬೇಕು, ರೈಲಿಗೆ ಕೊಡ್ಬೇಕು, ಮದರಾಸಿನ ಹಡಗಿನವರೆಗೆ ಹೋಗ್ಬೇಕು. ಎಲ್ಲರಿಗೂ ಕೊಟ್ಟಾದ್ಮೇಲೆ ಏನಾದ್ರೂ ಉಳಿದ್ರೆ ನಾನು ಅದಿರು ಅಂತೀನಿ. ಉಳಿಯದಿದ್ರೆ ನಿಮ್ಮ ಗುಡ್ಡ ಚೆಂದದ ಗುಡ್ಡ, ಅಷ್ಟೇ."

ನೆಲದೊಳಗೆ ಇರುವುದನ್ನು ಇಲ್ಲ ಎನ್ನುವ ವಿದ್ಯೆಯನ್ನು ನಾನು ಎಲ್ಲೂ ಕಂಡಿರಲಿಲ್ಲ. ಬೆಲೆ ಏರಿದ ದಿನ ಕಲ್ಲು ಅದಿರಾಗಿ, ಇಳಿದ ದಿನ ಅದಿರು ಕಲ್ಲಾಗುವುದಾದರೆ ನಾವು ಸುತ್ತಿಗೆ ಹಿಡಿದು ತಿರುಗಿದ್ದೇಕೆ? ಹೀಗೆಲ್ಲ ಕೂಗಾಡಿದೆ. ಅವರು ಸಮಾಧಾನವಾಗಿ ಕೇಳಿ, "ಒಳ್ಳೆ ಪ್ರಶ್ನೆ, ನಾವು ಅದನ್ನೇ ಕಂಡುಹಿಡಿಯೋಣ" ಎಂದರು. ಮನುಷ್ಯ ಭಾರೀ ಒಳ್ಳೆಯವರು. ಅದೇ ತೊಂದರೆ.

೨ ಜುಲೈ

ಇವತ್ತು ಡೈರೆಕ್ಟರು ನಮ್ಮ ಹಂಚಿನ ಮನೆಗೆ ಬಂದಿದ್ದರು. ಇಲಾಖೆ ಗುರುತಿಸಿರುವ ನಿಕ್ಷೇಪಗಳಲ್ಲಿ ಯಾವುದನ್ನು ಮೊದಲು ತೆರೆದರೆ ಗಿಟ್ಟುತ್ತದೆ ಎಂದು ಹೇಳುವುದೇ ಈ ವಿಭಾಗದ ಮೊದಲ ಕೆಲಸವಂತೆ. ಪಟ್ಟಿಯ ತಲೆಯಲ್ಲಿ ಮಸಿಗುಡ್ಡ.

"ಲೆಕ್ಕ ಸರಿಬಂದರೆ ದೀಪಾವಳಿ ಕಳೀತಿದ್ದ ಹಾಗೆ ಅಲ್ಲಿ ಕೆಲಸ ಶುರು. ಅಧಿಕಾರಿಯಾಗಿ ನೀವೇ ಹೋಗ್ತೀರಿ. ಅಷ್ಟರಲ್ಲಿ ನಿಮ್ಮ ಕಾಲೂ ಸರಿಹೋಗಿರುತ್ತೆ" ಎಂದರು.

ಸಂಜೆ ರೈಲಿನಲ್ಲಿ ನಿಂತೇ ಬಂದರೂ ಮೊಣಕಾಲಿನ ನೋವು ತಿಳಿಯಲಿಲ್ಲ. ಲೆಕ್ಕ ಸರಿಬಾರದೆ ಏನು? ಈ ಅಂಗಡಿಯಿಂದ ಬಿಡುಗಡೆಯಾಗಲು ಇನ್ನು ಕೆಲವು ತಿಂಗಳು ಮಾತ್ರ. ಡೇರೆ, ಬೆಳಗಿನ ಚಳಿ, ಗುಡ್ಡದ ಬೆನ್ನು. ಮನೆಗೆ ಬಂದು ಅಮ್ಮನಿಗೆ ಹೇಳಿದೆ. ಮನೆಯಾಕೆ ಬಾಗಿಲ ಮರೆಯಲ್ಲಿ ನಿಂತು ಕೇಳಿಸಿಕೊಂಡಳು. ಹಾಗೇ ಅಡುಗೆಮನೆಗೆ ಹೋದಳು. ಅವಳು ಏನಾದರೂ ಹೇಳಿಯಾಳೆಂದು ನಾನೇಕೆ ಕಾದೆನೋ.

೨೦ ಜುಲೈ

ಹವೆ: ಬರೆಯುವುದನ್ನು ಮರೆತಿದ್ದೆ. ಮೋಡ ಅಂತ ಇಟ್ಟುಕೊಳ್ಳೋಣ.

ಬಂದರುಗಳಿಗೆ, ವ್ಯಾಪಾರಿಗಳಿಗೆ, ರೈಲ್ವೆಗೆ ಕಾಗದ ಬರೆದು ಬರೆದು ಬೆರಳು ಬಾತಿವೆ. ಬಂದ ಉತ್ತರಗಳನ್ನೆಲ್ಲ ಸಾಹೇಬರೂ ನಾನೂ ಮೇಜಿನ ಮೇಲೆ ಹರಡಿಕೊಂಡು ಕೂರುತ್ತೇವೆ. ಒಬ್ಬ ಬೆಲೆ ಹೇಳುವುದು ಒಂದು ತರಹ, ಇನ್ನೊಬ್ಬ ಇನ್ನೊಂದು ತರಹ. ಎಲ್ಲವನ್ನೂ ಒಂದೇ ಅಳತೆಗೆ ತರುವ ಹೊತ್ತಿಗೆ ಊಟದ ಹೊತ್ತು ಮೀರಿರುತ್ತದೆ. ಸುಳ್ಳು ಯಾಕೆ ಹೇಳಲಿ, ಹೊತ್ತು ಹೋದದ್ದು ತಿಳಿಯುವುದಿಲ್ಲ.

ಸಂಜೆ ಅಮ್ಮ ಮನೆಯಲ್ಲಿರಲಿಲ್ಲ. ಟಪಾಲು ಒಯ್ಯಲು ಯಾರೂ ಇಲ್ಲದ್ದರಿಂದ ಮನೆಯಾಕೆ, ಅಂದರೆ ಮುನಿಗಂಗಮ್ಮ, ಕಾಫಿ ತಂದಿಟ್ಟು ಸ್ವಲ್ಪ ಹೊತ್ತು ನಿಂತಳು. ಆಮೇಲೆ ಕೇಳಿದಳು, "ಆ ಗುಡ್ಡ ಎಂಗೈತೆ?"

ಏಳು ವರ್ಷದಲ್ಲಿ ನನ್ನನ್ನು ಹೀಗೆ ಕೇಳಿದವರು ಇಲ್ಲ. ಇಲಾಖೆಯವರು ಎಷ್ಟಿದೆ ಎಂದು ಕೇಳಿದ್ದಾರೆ, ಹೇಗಿದೆ ಎಂದು ಕೇಳಿಲ್ಲ. ನಾನು ಹೇಳುತ್ತಾ ಹೋದೆ. ಅಲ್ಲಿನ ಅದಿರು ಮೆತ್ತಗಿರುತ್ತದೆ, ಮುಟ್ಟಿದರೆ ಒಲೆಯ ಮಸಿಯ ಹಾಗೆ ಕೈಗೆ ಹತ್ತುತ್ತದೆ, ಅದಕ್ಕೇ ಮಸಿಗುಡ್ಡ ಎಂದು ಹೆಸರು. ಮಳೆ ಬಿದ್ದ ಮಾರನೆಯ ಬೆಳಿಗ್ಗೆ ಇಡೀ ಗುಡ್ಡ ಎಣ್ಣೆ ಹಚ್ಚಿದಂತೆ ಹೊಳೆಯುತ್ತದೆ. ಅವಳು ನಿಂತೇ ಕೇಳಿದಳು.

"ನಿಮ್ ಬಟ್ಟೆ ಒಗ್ದು ಒಗ್ದು ನಂಗೂ ಅದ್ರ ಬಣ್ಣ ಗೊತ್ತು ಬುಡಿ. ನನ್ ಸವತೀನ ಒಂದ್ಸಲ ಕಣ್ಣಲ್ಲಿ ನೋಡ್ಬೇಕು" ಎಂದಳು.

ತಮಾಷೆ ಮಾಡಿದಳೆಂದು ನನಗೆ ಹೊಳೆಯುವ ಹೊತ್ತಿಗೆ ಲೋಟ ತೆಗೆದುಕೊಂಡು ಒಳಗೆ ಹೋಗಿದ್ದಳು.

೧೧ ಆಗಸ್ಟ್, ಭಾನುವಾರ

ಮುನಿಗಂಗಮ್ಮನ ತವರು ಕೆಂಪಾಪುರದಲ್ಲಿ ದ್ರಾಕ್ಷಿ ಕೊಯ್ಲು. ಅಮ್ಮ ಇಬ್ಬರನ್ನೂ ಹೊರಡಿಸಿದರು. ಹೆಬ್ಬಾಳದಲ್ಲಿ ಬಸ್ಸಿಳಿದು ಕೆರೆಯ ಪಕ್ಕದಲ್ಲಿ ನಡೆಯಬೇಕು. ನನ್ನ ಕಾಲು ಎಳೆಯುತ್ತಿತ್ತು. ಅವಳು ಅದರ ಮಾತೆತ್ತದೆ ಅಲ್ಲಲ್ಲಿ ನಿಂತು, ಹೊಲದ ಕಡೆ ಕೈತೋರಿಸಿ, ಇದು ಇಂಥವರದು, ಅದು ಅಂಥವರದು ಎಂದು ವಿವರಿಸುತ್ತಿದ್ದಳು. ಅವಳಿಗೆ ಊರವರ ಹೊಲಗಳ ಮೇಲೆ ಇಷ್ಟು ಅಕ್ಕರೆಯೇ ಎಂದುಕೊಂಡೆ. ಊರು ಹತ್ತಿರವಾದ ಮೇಲೆ ತಿಳಿಯಿತು, ಪ್ರತಿ ಸಲವೂ ನನ್ನ ಕಾಲಿಗೆ ಬಿಡುವು ಕೊಟ್ಟಿದ್ದಳು.

ತೋಟದಲ್ಲಿ ಅವಳು ತಂಗಿಯರ ಜೊತೆ ಬುಟ್ಟಿ ಹಿಡಿದು ನಗುತ್ತಿದ್ದುದನ್ನು ನೋಡಿದೆ. ತಲೆ ಹಿಂದಕ್ಕೆ ಚೆಲ್ಲಿ, ಬಾಯಿ ತುಂಬಾ ನಗು. ಅವಳಿಗೆ ಹಾಗೆ ನಗಲು ಬರುತ್ತದೆಂದು ನನಗೆ ಗೊತ್ತೇ ಇರಲಿಲ್ಲ. ತುಂಬಾ ಹೊತ್ತು ನೋಡುತ್ತಾ ನಿಂತೆ. ಬರುವಾಗ ಏನು ನಗುತ್ತಿದ್ದೆ ಎಂದು ಕೇಳಿದರೆ, "ನಿಮ್ ಬೂಟಿನ್ ಬಗ್ಗೆ" ಎಂದಳು.

ನಾಳೆಯಿಂದ ಕಚೇರಿಗೆ ಚಪ್ಪಲಿ ಹಾಕಿಕೊಂಡು ಹೋಗುತ್ತೇನೆ. ಕಾಲಿಗೆ ಹಗುರ, ಅದಕ್ಕೆ.

೨೮ ಆಗಸ್ಟ್

ಲೆಕ್ಕ ಬಂತು! ಕೂಲಿ, ಗಾಡಿ, ರೈಲು, ಬಂದರು, ಎಲ್ಲ ಕಳೆದ ಮೇಲೂ ಮಸಿಗುಡ್ಡ ಗಿಟ್ಟುತ್ತದೆ. ತುಂಬಾ ಅಲ್ಲ, ಆದರೆ ಗಿಟ್ಟುತ್ತದೆ. ಸಾಹೇಬರು ಎದ್ದು ನಿಂತು ನನ್ನ ಕೈ ಕುಲುಕಿ, "ಈಗ ಅದು ಅದಿರು, ಆನಂದಪ್ಪನೋರೆ" ಎಂದರು.

ಮಧ್ಯಾಹ್ನ ನರಸಿಂಹಯ್ಯ ಏನೋ ಕಾಗದಕ್ಕೆಂದು ಬಂದವನು ಬಾಗಿಲಲ್ಲೇ ನಿಂತು, "ಏನ್ ಗುರು, ಕಿರಾಣಿ ಅಂಗಡೀಲಿ ವ್ಯಾಪಾರ ಹೆಂಗೆ?" ಎಂದ. ಕೆಲಸವಿಲ್ಲದವರಿಗೆ ಇಲ್ಲಿ ಕೆಲಸವಿಲ್ಲ, ಹೋಗಯ್ಯ ಎಂದು ಬೈದು ಕಳಿಸಿದೆ. ಹೊರಗಿನವರಿಗೆ ಏನು ಗೊತ್ತು ನಮ್ಮ ಕಷ್ಟ?

೧೭ ಸೆಪ್ಟೆಂಬರ್

ಬೆಳಗಿನಿಂದ ಹಿಡಿದ ಮಳೆ ಬಿಟ್ಟಿಲ್ಲ.

ಮಧ್ಯಾಹ್ನ ಟೀ ಲೋಟ ಹಿಡಿದು ಕಿಟಕಿಯಲ್ಲಿ ನಿಂತಿದ್ದೆ. ಎದುರಿನ ಗೂಡ್ಸ್ ಶೆಡ್ಡಿನಲ್ಲಿ ಯಾರದೋ ಅದಿರು ತುಂಬಿದ ತೆರೆದ ವ್ಯಾಗನ್ನುಗಳು ಒಂದೊಂದಾಗಿ ತೂಕಕ್ಕೆ ಬರುತ್ತಿದ್ದವು. ಸಂದಿಗಳಿಂದ ಕಪ್ಪು ನೀರು ಸುರಿಯುತ್ತಿತ್ತು. ರೈಲ್ವೆಯವರು ಒಳಗಿದ್ದ ನೀರನ್ನೂ ಸೇರಿಸಿ ತೂಗಿ, ಅಷ್ಟಕ್ಕೂ ಬಾಡಿಗೆ ಹಾಕಿ ಬಿಡುತ್ತಿದ್ದರು. ತಪ್ಪೇನಿಲ್ಲ, ಎಂಜಿನ್ನು ನೀರನ್ನೂ ಎಳೆಯಬೇಕಲ್ಲ. ಟೀ ಲೋಟ ಕೆಳಗಿಟ್ಟು ನನ್ನ ಲೆಕ್ಕದ ಹಾಳೆಯನ್ನು ತೆಗೆದೆ.

ಬಂದರಿನಲ್ಲಿ ಕೊಳ್ಳುವವರು ಮಾದರಿಯನ್ನು ಒಣಗಿಸಿ ನೋಡಿ, ಒಣ ತೂಕಕ್ಕೆ ಮಾತ್ರ ದುಡ್ಡು ಕೊಡುತ್ತಾರೆ. ನಾನು ಆ ಒಣ ತೂಕದ ಮೇಲೆಯೇ ರೈಲಿನ ಬಾಡಿಗೆಯನ್ನೂ ಹಾಕಿದ್ದೆ. ನಾವು ಭೂವಿಜ್ಞಾನಿಗಳು ಒಣಗಿಸದೆ ಒಂದು ಕಲ್ಲನ್ನೂ ತೂಗುವುದಿಲ್ಲ. ಕಾಲೇಜಿನ ಮೊದಲ ವರ್ಷದಿಂದ ಅದೇ ಶಿಸ್ತು. ಹಾಗಾಗಿ ಹಸಿ ತೂಕ ಎಂಬುದೊಂದಿದೆ ಎಂದು ನನ್ನ ತಲೆಗೆ ಬಂದೇ ಇರಲಿಲ್ಲ.

ಗಟ್ಟಿ ಅದಿರಾದರೆ ಈ ವ್ಯತ್ಯಾಸ ಏನು ಮಹಾ? ಮಸಿಗುಡ್ಡದ್ದು ನೀರು ಕುಡಿಯುವ ಅದಿರು. ಚೈತ್ರದ ಬಿಸಿಲಿನಲ್ಲೂ ಗುಂಡಿಯೊಳಗಿನ ಗೋಡೆ ಒಸರುತ್ತಿರುತ್ತದೆ. ಈ ಕಚೇರಿಯಲ್ಲಿ ಅದನ್ನು ಬಲ್ಲವನು ನಾನೊಬ್ಬನೇ.

೧೮ ಸೆಪ್ಟೆಂಬರ್

ಪೆಟ್ಟಿಗೆಯಲ್ಲಿದ್ದ ಮಸಿಗುಡ್ಡದ ತುಂಡೊಂದನ್ನು ತೆಗೆದು ನಮ್ಮ ಬೀದಿಯ ಅಂಗಡಿಯಿಂದ ಎರವಲು ತಂದ ತಕ್ಕಡಿಯಲ್ಲಿ ತೂಗಿದೆ. ಆಮೇಲೆ ಚೊಂಬಿನ ನೀರಿನಲ್ಲಿಟ್ಟೆ. ಗುಳುಗುಳು ಎಂದು ಗುಳ್ಳೆ ಬಂತು. ಗಂಗಮ್ಮ ಒರಳಿನ ಮುಂದಿನಿಂದ ಎದ್ದು ಬಂದು ನೋಡಿದಳು.

"ಇದೇನ್ರೀ ಇದು, ಕಲ್ಲಿಗೆ ನೀರು ಕುಡುಸ್ತಿದೀರಾ? ಪಾಪ, ಎಷ್ಟು ದಿನದಿಂದ ಬಾಯಾರಿತ್ತೋ."

ನೆನೆದ ತುಂಡನ್ನು ಮತ್ತೆ ತೂಗಬೇಕಿತ್ತು, ತಕ್ಕಡಿ ಹಿಡಿಯಲು ಅವಳನ್ನೇ ಕರೆದೆ. ಅವಳು ಹಿಡಿದಳು, ನಾನು ತೂಕದ ಬಟ್ಟು ಹಾಕಿದೆ. ಇನ್ನೊಂದು ಹಾಕಿದೆ. ಮತ್ತೂ ಒಂದು ಹಾಕಬೇಕಾಯಿತು. ಇಬ್ಬರ ಕೈಯೂ ಕಪ್ಪಾಯಿತು. ಅವಳು ತನ್ನ ಅಂಗೈ ನೋಡಿಕೊಂಡು ನಗುತ್ತಿದ್ದವಳು, ನನ್ನ ಮುಖ ನೋಡಿ ನಗು ನಿಲ್ಲಿಸಿದಳು.

"ಯಾಕೆ? ಏನಾತು?"

ಏನಿಲ್ಲ ಎಂದೆ.

೨೪ ಸೆಪ್ಟೆಂಬರ್

ಬರೆಯುವುದಕ್ಕೇನೂ ಇಲ್ಲ. ವರದಿಯನ್ನು ಟೈಪಿಗೆ ಕೊಡೋಣವೇ ಎಂದು ಸಾಹೇಬರು ಕೇಳಿದರು. ಇನ್ನೊಂದು ಸಲ ನೋಡುತ್ತೇನೆ ಎಂದೆ. "ನೋಡಿ, ನೋಡಿ. ನೀವು ನೋಡಿದ್ರೆ ನಾನು ನೋಡೋ ಅಗತ್ಯ ಇಲ್ಲ" ಎಂದರು.

೨೬ ಸೆಪ್ಟೆಂಬರ್

ನಾನು ಸುಮ್ಮನಿದ್ದರೆ ಯಾರಿಗೂ ತಿಳಿಯುವುದಿಲ್ಲ. ದೀಪಾವಳಿ ಕಳೆದರೆ ಗುಡ್ಡದ ಮೇಲಿರುತ್ತೇನೆ.

೨೯ ಸೆಪ್ಟೆಂಬರ್, ಭಾನುವಾರ

ಗಂಗಮ್ಮನಿಗೆ ಹೇಳಿದೆ. ಹಿತ್ತಲಿನಲ್ಲಿ ರಾಗಿ ಕೇರುತ್ತಿದ್ದಳು. ಎದುರಿಗೆ ಕಲ್ಲಿನ ಮೇಲೆ ಕೂತು ಎಲ್ಲವನ್ನೂ ಹೇಳಿದೆ. ಹಸಿ ತೂಕ, ಒಣ ತೂಕ, ನೀರಿಗೂ ಬಾಡಿಗೆ ಕೊಟ್ಟು ಮದರಾಸಿಗೆ ಸಾಗಿಸಿದರೆ ಏನೂ ಉಳಿಯುವುದಿಲ್ಲ ಎನ್ನುವುದು. ಉಳಿಯದಿದ್ದರೆ ಕೆಲಸ ತೆರೆಯುವುದಿಲ್ಲ, ನನ್ನನ್ನು ಕಳಿಸುವುದೂ ಇಲ್ಲ.

ಅವಳಿಗೆ ಒಳಗೊಳಗೇ ಖುಷಿಯಾಗುತ್ತದೆ ಎಂದುಕೊಂಡಿದ್ದೆ. ಆಗಿದ್ದರೂ ತಪ್ಪು ಎನ್ನುತ್ತಿರಲಿಲ್ಲ. ಅವಳು ಮೊರ ಕೆಳಗಿಟ್ಟು, "ಒಣಗ್ಸಿ ಕಳ್ಸಕ್ಕಾಗಲ್ವಾ?" ಎಂದಳು.

"ಒಣಗಿದ್ದು ಗಾಡಿಯಲ್ಲಿ ಕುಲುಕಿದ್ರೆ ಪುಡಿಯಾಗುತ್ತೆ. ಪುಡಿ ತಗೊಳ್ಳೋರಿಲ್ಲ."

"ಬ್ಯಾರೆ ಯಾವ್ದೂ ದಾರಿ ಇಲ್ವಾ? ಸರ್ಯಾಗಿ ನೋಡುದ್ರಾ?"

ನೋಡಿದೆ ಎಂದೆ. ಅವಳು ಮೊರದಲ್ಲಿದ್ದ ರಾಗಿಯನ್ನು ಬೆರಳಿನಿಂದ ಕೆದಕುತ್ತಾ ಕೂತಳು. ನನಗಿಂತ ಹೆಚ್ಚಾಗಿ ಅವಳಿಗೇ ಆ ಗುಡ್ಡ ಕೈತಪ್ಪಿದಂತೆ ಕಾಣುತ್ತಿತ್ತು. ಕೊನೆಗೆ ಹೇಳಿದಳು, "ನಿಮ್ ಸಾಹೇಬ್ರಿಗೆ ಏಳ್ಬುಡಿ. ವಾರದಿಂದ ಊಟ ಸರ್ಯಾಗಿ ಮಾಡ್ತಿಲ್ಲ ನೀವು. ಇಂಗೇ ಬಚ್ಚಿಟ್ಕೊಂಡು ಅಲ್ಲಿಗೋದ್ರೆ ಆ ಗುಡ್ಡಾನೂ ನಿಮ್ಗೆ ಮೊದ್ಲಿನಂಗೆ ಕಾಣ್ಸಕ್ಕಿಲ್ಲ."

"ನಾನು ಇಲ್ಲೇ ಉಳೀತೀನಿ ಅಂತ ನಿನಗೆ ಸಂತೋಷ ಆಗಲ್ವಾ?"

"ನಿಮ್ಗೆ ಬ್ಯಾಸ್ರ ಆದ್ರೆ ನಂಗ್ಯಾತರ ಸಂತೋಸ?" ಎಂದು ಮೊರ ಎತ್ತಿಕೊಂಡಳು.

ನನಗೆ ಅವಳ ಕೈ ಹಿಡಿದುಕೊಳ್ಳಬೇಕು ಅನ್ನಿಸಿತು. ಅಷ್ಟರಲ್ಲಿ ಅಮ್ಮ ಬಂದರು. ಇಬ್ಬರೂ ರಾಗಿಯ ಬಗ್ಗೆ ಮಾತಾಡಿದೆವು.

೧ ಅಕ್ಟೋಬರ್

ಹೇಳಿಬಿಟ್ಟೆ. ಮಸಿಗುಡ್ಡದ ತುಂಡನ್ನೂ ತಕ್ಕಡಿಯನ್ನೂ ಚೀಲದಲ್ಲಿ ಹಾಕಿಕೊಂಡು ಹೋಗಿ, ಸಾಹೇಬರ ಮೇಜಿನ ಮೇಲೆಯೇ ತೂಗಿ ತೋರಿಸಿದೆ. ಅವರ ಮೇಜು ಕಪ್ಪಾಯಿತು.

ಸಾಹೇಬರು ಕನ್ನಡಕ ತೆಗೆದು ಒರೆಸಿದರು. ಮತ್ತೆ ಹಾಕಿಕೊಂಡರು. ಆಮೇಲೆ ನಾವಿಬ್ಬರೂ ಬೆಳಗಿನಿಂದ ಸಂಜೆಯವರೆಗೆ ಮಸಿಗುಡ್ಡವನ್ನು ಉಳಿಸಲು ನೋಡಿದೆವು. ಹತ್ತಿರದ ಸ್ಟೇಷನ್ನಿನಿಂದ ಸಾಗಿಸಿದರೆ ಎಂದು ಲೆಕ್ಕ ಹಾಕಿದೆವು, ಬೇಸಿಗೆಯಲ್ಲಿ ಮಾತ್ರ ಅಗೆದರೆ ಎಂದು ಹಾಕಿದೆವು. ಸಾಹೇಬರು ನನಗಿಂತ ಹೆಚ್ಚು ಹಟ ಹಿಡಿದಿದ್ದರು. ಯಾವ ಕಡೆಯಿಂದ ಹಾಕಿದರೂ ಕೊನೆಗೆ ಕೈಗೆ ಬರುವುದು ಚೆಂದದ ಗುಡ್ಡವೇ.

"ನೀವು ಹೇಳದಿದ್ರೆ ನನಗೆ ಗೊತ್ತಾಗ್ತಾನೇ ಇರಲಿಲ್ಲ" ಎಂದರು.

"ಗೊತ್ತು ಸಾರ್."

"ಹೊಸ ಗಣಿ ಅಂತ ನೂರಾರು ಜನ ಬಂದು ಗುಡಿಸಲು ಹಾಕ್ಕೊಂಡಿರೋರು. ಮುಂದಿನ ಮಳೆಗಾಲಕ್ಕೆ ಮುಚ್ಚಿಬಿಡ್ತಿದ್ವು." ಆಮೇಲೆ ತುಂಬಾ ಮೆತ್ತಗೆ, "ಬೇಜಾರು ಮಾಡ್ಕೋಬೇಡಿ. ಬೆಲೆ ಏರ್ಲಿ, ರೈಲು ಹತ್ತಿರ ಬರ್ಲಿ. ಕಲ್ಲು ಎಲ್ಲಿಗೂ ಹೋಗಲ್ಲ" ಎಂದರು.

ಟೀ ತರಿಸಿದರು. ನಾನು ಅತ್ತುಬಿಟ್ಟೆ. ನಾಚಿಕೆಯೇನೂ ಆಗಲಿಲ್ಲ. ಅವರು ರೈಲ್ವೆಯ ದರದ ಪುಸ್ತಕವನ್ನು ತೆರೆದು, ಅದರಲ್ಲಿ ಏನೋ ಇರುವವರ ಹಾಗೆ ಓದುತ್ತಾ ಕೂತರು.

೧೮ ಅಕ್ಟೋಬರ್

ಡೈರೆಕ್ಟರು ಒಪ್ಪಿಕೊಂಡರು. ಮಸಿಗುಡ್ಡವನ್ನು ಸದ್ಯಕ್ಕೆ ಕೈಬಿಟ್ಟಿದ್ದಾರೆ. ಇನ್ನು ಮುಂದೆ ಕ್ಯಾಂಪಿನಲ್ಲಿರುವವರು ಪ್ರತಿ ಮಾದರಿಯನ್ನೂ ಅಗೆದ ಕೂಡಲೇ ಒಮ್ಮೆ, ಒಣಗಿಸಿ ಇನ್ನೊಮ್ಮೆ ತೂಗಿ ಎರಡನ್ನೂ ಬರೆಯಬೇಕು ಎಂದು ಇಲಾಖೆಯಿಂದ ಸುತ್ತೋಲೆ ಹೋಗುತ್ತಿದೆ. ಅದರ ಕರಡು ನನ್ನದು. ಸಾಹೇಬರು ಒಂದಕ್ಷರವನ್ನೂ ತಿದ್ದಲಿಲ್ಲ. ಸಂಡೂರಿನ ಕ್ಯಾಂಪಿನಿಂದ ಬಂದವರೆಲ್ಲ ಆಗಲೇ ನನ್ನನ್ನು ಬೈಯುತ್ತಿದ್ದಾರೆ ಎಂದು ನರಸಿಂಹಯ್ಯ ಹೇಳಿದ. ತಕ್ಕಡಿ ಹೊತ್ತು ಗುಡ್ಡ ಹತ್ತಬೇಕಲ್ಲ, ಬೈಯದೆ ಇರುತ್ತಾರೆಯೇ?

ಇದೆಲ್ಲ ಆದ ಮೇಲೆ ಮನಸ್ಸು ಖಾಲಿಯಾಗುತ್ತದೆ ಎಂದುಕೊಂಡಿದ್ದೆ. ಆಗಲು ಪುರುಸೊತ್ತೇ ಸಿಗಲಿಲ್ಲ. ನಾಳೆಯಿಂದ ಸುಣ್ಣಕಲ್ಲಿನ ಲೆಕ್ಕ ಶುರು. ಗಂಗು ಹಬ್ಬದ ಎಣ್ಣೆಸ್ನಾನಕ್ಕೆ ಹಂಡೆ ತೊಳೆಯಬೇಕೆಂದು ಕರೆಯುತ್ತಿದ್ದಾಳೆ.

೧೦ ನವೆಂಬರ್, ಮಸಿಗುಡ್ಡದ ಕೆಳಗಿನ ಊರು

ರಜೆ ಹಾಕಿ ಗಂಗುವನ್ನು ಕರೆದುಕೊಂಡು ಬಂದಿದ್ದೇನೆ. ಅಮ್ಮ, "ಜನ ತಿರುಪ್ತಿಗೋಗ್ತಾರೆ, ಇವು ಕಲ್ಲು ನೋಡಕ್ಕೋಗ್ತವೆ" ಎಂದು ಬೈದು ಬುತ್ತಿ ಕಟ್ಟಿಕೊಟ್ಟರು.

ಇಬ್ಬರೂ ಮೇಲಿನವರೆಗೆ ಹತ್ತಿದೆವು. ಮೊಣಕಾಲು ನೋಯಲಿಲ್ಲ. ನಾನು ಬಿದ್ದ ಗುಂಡಿಯನ್ನು ತೋರಿಸಿದೆ. ಅವಳು ಅಂಚಿನಲ್ಲಿ ಕೈಯೂರಿ ಕೂತು ಒಳಗೆ ಬಗ್ಗಿ ನೋಡಿ, ನನ್ನ ಕಡೆ ನೋಡಿ, ಮತ್ತೆ ಗುಂಡಿಯ ಕಡೆ ನೋಡಿದಳು. "ಇಷ್ಟು ಆಳಾನಾ? ಕಾಗ್ದದಾಗೆ ಸಣ್ಣ ಪೆಟ್ಟು ಅಂತ ಬರ್ದಿದ್ರಿ" ಎಂದಳು. ನನ್ನ ತೋಳನ್ನು ಗಟ್ಟಿಯಾಗಿ ಹಿಡಿದುಕೊಂಡಳು. ಬಿಳಿ ಅಂಗಿಯ ಮೇಲೆ ಐದು ಬೆರಳಿನ ಕಪ್ಪು ಗುರುತು ಬಿತ್ತು.

ತಿರುಗಿ ಇಳಿಯುವಾಗ ಗುಡ್ಡದ ಕಡೆ ನೋಡಿ, "ಚೆಂದ ಅವ್ಳೆ" ಎಂದಳು. ಯಾರು ಎಂದು ಕೇಳಿ ಬೈಸಿಕೊಂಡೆ.

೧೬ ಡಿಸೆಂಬರ್, ಯಲಹಂಕ

ಡೈರೆಕ್ಟರು ಹೇಳಿಕಳಿಸಿದ್ದರು. ಮುಖ್ಯ ಕಚೇರಿಗೆ ಹೋದೆ. ಡಾಕ್ಟರು ನನ್ನ ಕಾಲು ಸರಿಯಾಗಿದೆ ಎಂದು ಬರೆದಿರುವುದನ್ನು ನೋಡಿದರಂತೆ. ಸಂಡೂರಿನ ಕಡೆ ಹೊಸ ಸರ್ವೆ ಪಾರ್ಟಿ ಹೊರಡುತ್ತಿದೆ, ಮೂರು ವರ್ಷದ ಕೆಲಸ, ಜೀಪಿದೆ, ಮುಖ್ಯಸ್ಥನಾಗಿ ಹೋಗಿ ಎಂದರು. ಸಂಡೂರೆಂದರೆ ನಮ್ಮವರೆಲ್ಲ ಬಾಯಲ್ಲಿ ನೀರೂರಿಸಿಕೊಂಡು ಕೂತಿರುವ ಜಾಗ.

ಬೇಡ ಸಾರ್ ಎಂದೆ. ಯೋಚನೆ ಮಾಡುವ ಮೊದಲೇ ಬಾಯಿಂದ ಬಂದುಬಿಟ್ಟಿತ್ತು.

ಡೈರೆಕ್ಟರು ನಂಬಲಿಲ್ಲ. "ಯಾಕ್ರೀ? ಗುಡ್ಡ ಗುಡ್ಡ ಅಂತ ಪ್ರಾಣ ಬಿಡ್ತಿದ್ರಿ."

ವಿಭಾಗದಲ್ಲಿ ಸುಣ್ಣಕಲ್ಲಿನ ಕೆಲಸ ಅರ್ಧಕ್ಕಿದೆ ಎಂದೆ. ಬೇರೆಯವರು ಮಾಡುತ್ತಾರೆ ಎಂದರು. ಮನೆಯಲ್ಲಿ ಹೆಂಡತಿ ಒಬ್ಬಳೇ ಆಗುತ್ತಾಳೆ ಎಂದೆ.

"ನಿಮ್ಮ ತಾಯಿ ಇದ್ದಾರಲ್ಲ ಜೊತೆಗೆ?"

"ನಾನು ಒಬ್ಬನೇ ಆಗ್ತೀನಿ ಸಾರ್."

ಡೈರೆಕ್ಟರ ಮುಂದೆ ಆಡುವ ಮಾತೇ ಅದು? ಅವರು ಫೈಲು ಮುಚ್ಚಿ, ಹೋಗಿ ಬನ್ನಿ ಎಂದರು. ನಾಳೆಗೆ ಇದು ಇಲಾಖೆಯಲ್ಲೆಲ್ಲ ಹರಡಿರುತ್ತದೆ. ಹರಡಲಿ. ಜೀಪು ನರಸಿಂಹಯ್ಯನಿಗೆ ಸಿಗುತ್ತದೆ, ತಕ್ಕಡಿ ಹೊರಲಿ.

ಮನೆಗೆ ಬಂದು ಊಟಕ್ಕೆ ಕೂತಾಗ, ಹೀಗೆ ಹೀಗಾಯಿತು ಎಂದು ಅಮ್ಮನಿಗೂ ಗಂಗುವಿಗೂ ಹೇಳಿದೆ. ನಗಿಸೋಣವೆಂದು, ನನ್ನ ಬಾಯಿಂದ ಬಂದ ಆ ಕೊನೆಯ ಮಾತನ್ನೂ ಹೇಳಿದೆ. ಇಬ್ಬರೂ ನಗಲಿಲ್ಲ. ಗಂಗು ಸೌಟು ಹಿಡಿದು ನಿಂತೇ ಇದ್ದಳು. ಅವರೆಕಾಳಿನ ಸಾರು ಸೌಟಿನಿಂದ ನೆಲಕ್ಕೆ ತೊಟ್ಟಿಕ್ಕುತ್ತಿತ್ತು.

ಅಮ್ಮ ಗೋಡೆ ಹಿಡಿದು ಎದ್ದರು. ಅವಳ ಕೈಯಿಂದ ಸೌಟು ತೆಗೆದುಕೊಂಡರು. ಇನ್ನೊಂದು ತಣಿಗೆ ತಂದು ನನ್ನ ಪಕ್ಕದಲ್ಲಿ ಇಟ್ಟರು.

"ಕುತ್ಕಳವ್ವ, ನಾನ್ ಇಕ್ತೀನಿ" ಎಂದರು.

"ಅಯ್ಯೋ, ಬ್ಯಾಡ ಅತ್ತೆ, ನಾನ್ ಆಮೇಲೆ..."

"ಕುತ್ಕೋ ಅಂದ್ರೆ ಕುತ್ಕೋಬೇಕು."

ಗಂಗು ಕೂತಳು. ತಲೆ ಎತ್ತಲಿಲ್ಲ. ಮದುವೆಯಾದ ಮೇಲೆ ನಾವಿಬ್ಬರೂ ಪಕ್ಕಪಕ್ಕ ಕೂತು ಉಂಡದ್ದು ಇದೇ ಮೊದಲು. ಸಾರಿಗೆ ಉಪ್ಪು ಜಾಸ್ತಿಯಾಗಿತ್ತು, ಯಾರೂ ಹೇಳಲಿಲ್ಲ. ಇಬ್ಬರೂ ಇನ್ನೊಂದೊಂದು ಮುದ್ದೆ ಹಾಕಿಸಿಕೊಂಡೆವು.